1600 ಅಂಗಡಿ ಇದ್ದ ಸುಭಿಕ್ಷಾ ಮುಚ್ಚಿದ್ದೇಕೆ?

ಹೊಲಕ್ಕೇ ಬಂದು ತರಕಾರಿ ತಗೊಂಡು ಹೋಗೋ ಕಂಪನಿಯವರು "ದುಡ್ಡು ಮುಂದಿನ ವಾರ ಹಾಕ್ತೀವಿ" ಅಂದ್ರೆ ಏನ್ಮಾಡ್ತೀರಿ? ದೊಡ್ಡ ಹೆಸರು, ಎಲ್ಲಿಗೆ ಹೋಗುತ್ತೆ ಅಂತ ಸುಮ್ಮನಾಗ್ತೀರಾ? ಹಾಗಾದ್ರೆ ಸುಭಿಕ್ಷಾ ಕಥೆ ನಿಮಗೆ ಗೊತ್ತಿರಲೇಬೇಕು.

1997ರಲ್ಲಿ ಆರ್. ಸುಬ್ರಮಣಿಯನ್ ಚೆನ್ನೈನಲ್ಲಿ ಸುಭಿಕ್ಷಾ ಶುರು ಮಾಡಿದರು. ಲೆಕ್ಕ ಸರಳವಾಗಿತ್ತು. ಜನ ವಾಸಿಸುವ ಬೀದಿಯಲ್ಲೇ ಸಣ್ಣ ಬಾಡಿಗೆ ಅಂಗಡಿ, ಎಸಿ ಇಲ್ಲ, ಥಳಕು ಇಲ್ಲ. ಉಳಿದ ಖರ್ಚಿನಲ್ಲಿ ದಿನಸಿ, ತರಕಾರಿ, ಔಷಧಿ ಎಲ್ಲವೂ ಕಡಿಮೆ ಬೆಲೆಗೆ. ಹಲವು ವರ್ಷ ತಮಿಳುನಾಡಿನೊಳಗೇ ನಿಧಾನವಾಗಿ ಬೆಳೆಯಿತು.

2006ರ ಹೊತ್ತಿಗೆ ರಿಲಯನ್ಸ್‌ನಂಥ ದೊಡ್ಡ ಕಂಪನಿಗಳೂ ತರಕಾರಿ ವ್ಯಾಪಾರಕ್ಕೆ ಇಳಿದವು. ಸುಭಿಕ್ಷಾ ಕೂಡ ಓಟ ಶುರು ಮಾಡಿತು. ಬೆಂಗಳೂರು, ಹೈದರಾಬಾದ್, ಮುಂಬೈ, ದೆಹಲಿ ಎಲ್ಲ ಕಡೆ ಅಂಗಡಿ. ಜೊತೆಗೆ ಮೊಬೈಲ್ ಮಾರಾಟ. 2008ರಲ್ಲಿ ಅಂಗಡಿಗಳ ಸಂಖ್ಯೆ ಸುಮಾರು 1600. ಐಸಿಐಸಿಐ ವೆಂಚರ್ ಮೊದಲೇ ಹಣ ಹೂಡಿತ್ತು, ಅಜೀಂ ಪ್ರೇಮ್‌ಜಿ ಅವರ ಹೂಡಿಕೆ ಸಂಸ್ಥೆಯೂ ಪಾಲು ಕೊಂಡಿತು.

ಆದರೆ ಈ ಓಟ ನಡೆದದ್ದು ಹೆಚ್ಚಾಗಿ ಸಾಲದ ಮೇಲೆ. ಬೋರ್‌ವೆಲ್‌ನಲ್ಲಿ ಒಂದಿಂಚು ನೀರು ಇಟ್ಕೊಂಡು ಹತ್ತು ಎಕರೆಗೆ ನಾಟಿ ಹಾಕಿದ ಹಾಗೆ! 2008ರ ಕೊನೆಗೆ ಜಗತ್ತಿನ ಹಣಕಾಸು ಬಿಕ್ಕಟ್ಟು ಬಂತು, ಹೊಸ ಸಾಲ ಹುಟ್ಟಲಿಲ್ಲ. ಪೂರೈಕೆದಾರರ ದುಡ್ಡು, ಅಂಗಡಿ ಬಾಡಿಗೆ, ನೌಕರರ ಸಂಬಳ ನಿಂತವು. ಮಾಲು ಬರದೆ ಕಪಾಟು ಖಾಲಿಯಾದವು. 2009ರ ಆರಂಭದಲ್ಲಿ ಅಂಗಡಿಗಳ ಬಾಗಿಲು ಮುಚ್ಚಿತು. ಕೈಯಲ್ಲಿ ನಗದು ಇಲ್ಲ ಅಂತ ಸಂಸ್ಥಾಪಕರೇ ಒಪ್ಪಿಕೊಂಡರು.

ಕಂಪನಿ ಮುಳುಗಿದಾಗ ಅಡಮಾನ ಇಟ್ಟುಕೊಂಡ ಬ್ಯಾಂಕು, ಕಾರ್ಮಿಕರ ಬಾಕಿ ಮೊದಲು. ಉದ್ರಿ ಕೊಟ್ಟವರ ಸರದಿ ಅವರ ಹಿಂದೆ. ಕೊಟ್ಟ ಟೊಮೆಟೊ ಅಂತೂ ವಾಪಸ್ ಬರಲ್ಲ.

ಹಾಗಾಗಿ ಇಷ್ಟು ಮಾಡಿ:

1. ಇಡೀ ಬೆಳೆ ಒಬ್ಬನೇ ಖರೀದಿದಾರನಿಗೆ ಕೊಡಬೇಡಿ. ಮಂಡಿ ನಂಟು ಬಿಡಬೇಡಿ.

2. ಉದ್ರಿಗೆ ಮಿತಿ ಹಾಕಿ. ಎರಡು ಲೋಡ್ ಹಣ ಬಾಕಿ ಇದ್ರೆ ಮೂರನೇ ಲೋಡ್ ಕಳಿಸಬೇಡಿ.

3. ಪ್ರತಿ ಲೋಡ್‌ಗೂ ತೂಕ, ದರ, ತಾರೀಖು ಇರುವ ರಸೀದಿ ತಗೊಳ್ಳಿ, ಫೋಟೊ ಹೊಡೆದು ಫೋನಲ್ಲಿ ಇಟ್ಕೊಳ್ಳಿ.

4. ನಿಮ್ಮ ಎಫ್‌ಪಿಒ ಸ್ವಂತ ಮಳಿಗೆ ತೆರೆದಿದ್ರೆ, ಮೊದಲನೆಯದು ತನ್ನ ಖರ್ಚು ತಾನೇ ದುಡಿಯೋವರೆಗೂ ಎರಡನೆಯದಕ್ಕೆ ಕೈ ಹಾಕಬೇಡಿ.

ಅಂಗಡಿ ಎಷ್ಟಿವೆ ಅಂತ ನೋಡಿ ನಂಬಬೇಡಿ. ಹೇಳಿದ ದಿನ ದುಡ್ಡು ಬರುತ್ತಾ, ಅದನ್ನ ನೋಡಿ.