ಅಗ್ಗದ ಗೇಮಿಂಗ್ ಪಿಸಿ: ಬೆಲೆ ಇಳಿದದ್ದು ಎಲ್ಲಿ?

ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 1 ಟಿಬಿ ಸ್ಟೋರೇಜ್, 4 ಜಿಬಿ ಗ್ರಾಫಿಕ್ಸ್, ಬಣ್ಣದ ದೀಪಗಳ ಫ್ಯಾನು. ಹಬ್ಬದ ಸೀಸನ್ನಿನಲ್ಲಿ ಕಣ್ಣಿಗೆ ಬೀಳುವ ಅಗ್ಗದ ಗೇಮಿಂಗ್ ಪಿಸಿ ಜಾಹೀರಾತುಗಳ ಒಕ್ಕಣೆ ಹೆಚ್ಚುಕಮ್ಮಿ ಇಷ್ಟೇ. ಆ ಐ7 ಯಾವ ತಲೆಮಾರಿನದು? 2011ರದ್ದೂ ಐ7, 2023ರದ್ದೂ ಐ7. 16 ಜಿಬಿ ಎಂದರೆ ಒಂದೇ ಸ್ಟಿಕ್ಕೋ, ಎರಡೋ? ಒಂದು ಟಿಬಿ ಎಂದರೆ ತಿರುಗುವ ಹಾರ್ಡ್ ಡಿಸ್ಕೋ, ಎಸ್‌ಎಸ್‌ಡಿಯೋ? ಇಡೀ ಪೆಟ್ಟಿಗೆಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಯಾರದ್ದು, ಎಷ್ಟು ವಾಟ್? ಇದ್ಯಾವುದಕ್ಕೂ ಜಾಹೀರಾತಿನಲ್ಲಿ ಉತ್ತರವಿರುವುದಿಲ್ಲ. ಬೆಲೆ ಇಳಿಸಿರುವುದು ಸಾಮಾನ್ಯವಾಗಿ ಈ ಮೌನದ ಜಾಗಗಳಲ್ಲಿಯೇ.

ಹಾಗೆಂದು ತಯಾರಾಗಿ ಸಿಗುವ ಅಗ್ಗದ ಪಿಸಿ ಎಲ್ಲವೂ ಮೋಸವಲ್ಲ. ಕೆಲವು ನಿಜಕ್ಕೂ ಒಳ್ಳೆಯ ವ್ಯಾಪಾರ. ಮುಂದೆ ಮಾಮೂಲಿ ಬಿಡಿಭಾಗಗಳನ್ನು ತಂದು ಕೂರಿಸಲು ಅವಕಾಶವಿದೆಯೇ ಎಂಬುದರ ಮೇಲೆ ಅವುಗಳ ಯೋಗ್ಯತೆ ನಿಂತಿದೆ. ಆ ಅವಕಾಶ ಹೇಗೆ ಹುಟ್ಟಿತು, ಯಾರು ಅದಕ್ಕೆ ಬೀಗ ಹಾಕಿದರು ಎಂಬ ಕಥೆ ತಿಳಿದರೆ ಪೆಟ್ಟಿಗೆಯನ್ನು ಅಳೆಯುವುದು ಸುಲಭ.

ಗುಟ್ಟು ಬಿಟ್ಟುಕೊಟ್ಟ ಐಬಿಎಂ

1981ರ ಆಗಸ್ಟ್ 12ರಂದು ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಪ್ರಕಟಿಸಿತು. ಆರಂಭದ ಬೆಲೆ 1,565 ಡಾಲರ್. ಆ ಬೆಲೆಗೆ ಸಿಗುತ್ತಿದ್ದದ್ದು 16 ಕೆಬಿ ಮೆಮೊರಿಯ ಯಂತ್ರ ಮಾತ್ರ. ಮಾನಿಟರ್ ಇಲ್ಲ, ಡಿಸ್ಕ್ ಡ್ರೈವ್ ಇಲ್ಲ. ಮನೆಯ ಟಿವಿಗೆ ಸಿಕ್ಕಿಸಿಕೊಳ್ಳಬೇಕು. ಜಾಹೀರಾತಿನ ಬೆಲೆಗೂ ಕೆಲಸಕ್ಕೆ ಬರುವ ಯಂತ್ರದ ಬೆಲೆಗೂ ಇರುವ ಅಂತರ ಪಿಸಿಯ ಜೊತೆಗೇ ಹುಟ್ಟಿದ್ದು.

ಫ್ಲೋರಿಡಾದ ಬೋಕಾ ರೇಟನ್‌ನಲ್ಲಿ ಡಾನ್ ಎಸ್ಟ್ರಿಜ್ ನೇತೃತ್ವದ ತಂಡ ಸುಮಾರು ಒಂದು ವರ್ಷದಲ್ಲಿ ಈ ಯಂತ್ರವನ್ನು ಮುಗಿಸಬೇಕಿತ್ತು. ಎಲ್ಲವನ್ನೂ ತಾವೇ ತಯಾರಿಸುತ್ತ ಕೂತರೆ ಆಗುವ ಕೆಲಸವಲ್ಲ. ಪ್ರೊಸೆಸರನ್ನು ಇಂಟೆಲ್‌ನಿಂದ, ಆಪರೇಟಿಂಗ್ ಸಿಸ್ಟಮನ್ನು ಮೈಕ್ರೋಸಾಫ್ಟ್‌ನಿಂದ ತಂದರು. ಒಳಗೆ ಐದು ಸ್ಲಾಟ್ ಇಟ್ಟರು. ಅವುಗಳಿಗೆ ಹೊರಗಿನವರೂ ಕಾರ್ಡ್ ಮಾಡಲಿ ಎಂದು ಸರ್ಕ್ಯೂಟ್ ನಕ್ಷೆಗಳನ್ನೂ ಬಯಾಸ್ ಎಂಬ ಮೂಲ ತಂತ್ರಾಂಶದ ಸಾಲುಗಳನ್ನೂ ಕೈಪಿಡಿಯಲ್ಲಿ ಅಚ್ಚು ಹಾಕಿ ಮಾರಿದರು. ಬಯಾಸ್‌ನ ಹಕ್ಕು ಐಬಿಎಂ ಬಳಿಯೇ ಇತ್ತು. ಕಾಂಪ್ಯಾಕ್ ಕಂಪನಿ ಅದನ್ನು ನಕಲು ಮಾಡದೆ, ಅದೇ ಕೆಲಸ ಮಾಡುವ ಬಯಾಸನ್ನು ಹೊಸದಾಗಿ ಬರೆಸಿತು. ಆಮೇಲೆ ಐಬಿಎಂಗೆ ಹೊಂದುವ ಯಂತ್ರಗಳ ಪ್ರವಾಹವೇ ಹರಿಯಿತು. ಒಬ್ಬರ ಬೋರ್ಡಿಗೆ ಇನ್ನೊಬ್ಬರ ಕಾರ್ಡ್ ಕೂರುವ ಸೌಲಭ್ಯ ಬಂದದ್ದು ಹೀಗೆ.

ಹಾಸ್ಟೆಲ್ ಕೋಣೆಯಲ್ಲಿ ಅಪ್‌ಗ್ರೇಡ್

ಈ ಸೌಲಭ್ಯದಲ್ಲಿ ದುಡ್ಡಿದೆ ಎಂದು ಬೇಗ ಕಂಡುಕೊಂಡವರಲ್ಲಿ ಮೈಕೆಲ್ ಡೆಲ್ ಒಬ್ಬರು. 1984ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಅವರು ಹಾಸ್ಟೆಲ್ ಕೋಣೆಯಿಂದಲೇ ವ್ಯಾಪಾರ ಶುರುಮಾಡಿದರು. ಅಂಗಡಿಗಳಲ್ಲಿ ಖರ್ಚಾಗದೆ ಉಳಿದ ಐಬಿಎಂ ಯಂತ್ರಗಳನ್ನು ಕಡಿಮೆ ಬೆಲೆಗೆ ತಂದು, ಹೆಚ್ಚಿನ ಮೆಮೊರಿ, ಡಿಸ್ಕ್ ಡ್ರೈವ್ ಹಾಕಿ ಮಾರುವುದು. ಮೂಲ ಬಂಡವಾಳ ಒಂದು ಸಾವಿರ ಡಾಲರ್. ಅಗ್ಗದ ಪೆಟ್ಟಿಗೆ ಕೊಂಡು ಬೇಕಾದ ಭಾಗವನ್ನಷ್ಟೇ ಬದಲಿಸುವ ಉಪಾಯದ ಮೇಲೆಯೇ ಜಗತ್ತಿನ ದೊಡ್ಡ ಕಂಪ್ಯೂಟರ್ ಕಂಪನಿಗಳಲ್ಲೊಂದು ಎದ್ದು ನಿಂತಿತು.

ಆಟದ ಮಾತು ಗಟ್ಟಿಯಾಗಿ ಕೇಳಿಸಿದ್ದು 1990ರ ದಶಕದಲ್ಲಿ. 1993ರ ಡಿಸೆಂಬರ್‌ನಲ್ಲಿ ಡೂಮ್ ಬಂತು, 1996ರಲ್ಲಿ ಕ್ವೇಕ್. ಅದೇ 1996ರಲ್ಲಿ 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಚಿಪ್ ಇರುವ ಕಾರ್ಡ್‌ಗಳು ಬಂದವು. ವೂಡೂ ಮಾಡುತ್ತಿದ್ದದ್ದು ಮೂರು ಆಯಾಮದ ಚಿತ್ರದ ಕೆಲಸವೊಂದನ್ನೇ. ಮಾಮೂಲಿ ಪರದೆಗೆ ಹಳೆಯ ಕಾರ್ಡೂ ಬೇಕಿತ್ತು, ಎರಡರ ನಡುವೆ ಹೊರಗಿನಿಂದ ಒಂದು ಕೇಬಲ್. ಇಷ್ಟೆಲ್ಲ ತಾಪತ್ರಯ ಇದ್ದರೂ ಹುಡುಗರು ಮುಗಿಬಿದ್ದರು. ಇಡೀ ಕಂಪ್ಯೂಟರ್ ಬಿಸಾಕದೆ ಒಂದು ಕಾರ್ಡ್ ಬದಲಿಸಿ ಹೊಸ ಆಟ ಆಡಬಹುದೆಂದು ಅವರಿಗೆ ತೋರಿಸಿಕೊಟ್ಟದ್ದು ಅದು.

ಕಾರ್ಡ್ ಕೂರಿಸಲು ಬಾರದವರಿಗೆ, ಪುರುಸೊತ್ತಿಲ್ಲದವರಿಗೆ ಆಟಕ್ಕೆಂದೇ ಜೋಡಿಸಿ ಮಾರುವ ಕಂಪನಿಗಳು ಹುಟ್ಟಿದವು. ಅಲೆಕ್ಸ್ ಅಗಿಲಾ, ನೆಲ್ಸನ್ ಗೊಂಜಾಲೆಜ್ ಎಂಬ ಗೆಳೆಯರು 1996ರಲ್ಲಿ ಮಯಾಮಿಯಲ್ಲಿ ಏಲಿಯನ್‌ವೇರ್ ಕಟ್ಟಿದರು. ಆಗ ಇವು ದುಡ್ಡಿದ್ದವರ ಯಂತ್ರಗಳು. ಶತಮಾನ ಮುಗಿಯುವ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಸೈಬರ್‌ಪವರ್‌ಪಿಸಿ, ಐಬೈಪವರ್ ಶುರುವಾದವು. ಮಾರುಕಟ್ಟೆಯಲ್ಲಿ ಎಲ್ಲರಿಗೂ ಸಿಗುವ ಭಾಗಗಳನ್ನೇ ರಾಶಿಯಲ್ಲಿ ತಂದು ಜೋಡಿಸುವುದು ಇವರ ದಾರಿ. ಮುಂದೆ ಕಾಸ್ಟ್‌ಕೋ, ಬೆಸ್ಟ್ ಬೈ, ವಾಲ್‌ಮಾರ್ಟ್‌ನಂಥ ಮಳಿಗೆಗಳಲ್ಲಿ ದಿನಸಿ, ಟಿವಿಗಳ ಜೊತೆ ಗೇಮಿಂಗ್ ಪಿಸಿಯೂ ಕೂತಿತು.

ಬೀಗ ಬಿದ್ದ ಬಗೆ

1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆಗೋಲನ್ನು ಪ್ರಕಟಿಸಿತು. ಮದರ್‌ಬೋರ್ಡಿನ ಸ್ಕ್ರೂ ರಂಧ್ರ ಎಲ್ಲಿರಬೇಕು, ಎಸ್‌ಎಂಪಿಎಸ್‌ನ ಗಾತ್ರ ಎಷ್ಟು, ಯಾವ ಪಿನ್ನಿನಲ್ಲಿ ಎಷ್ಟು ವೋಲ್ಟ್ ಎಂಬುದೆಲ್ಲ ಅದರಲ್ಲಿದೆ. ಇವತ್ತಿಗೂ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಬೋರ್ಡೂ ಕ್ಯಾಬಿನೆಟ್ಟೂ ಒಂದಕ್ಕೊಂದು ಹೊಂದುವುದು ಆ ಅಳತೆಯಿಂದಲೇ.

ದೊಡ್ಡ ಕಂಪನಿಗಳಿಗೆ ಬೇರೆ ಲೆಕ್ಕವಿತ್ತು. ಲಕ್ಷಗಟ್ಟಲೆ ಪೆಟ್ಟಿಗೆ ಮಾಡುವಾಗ ಬೋರ್ಡಿನಿಂದ ಒಂದು ಭಾಗ ತೆಗೆದರೂ ಉಳಿತಾಯ. 1990ರ ದಶಕದ ಉತ್ತರಾರ್ಧದಲ್ಲಿ ಡೆಲ್ ತನ್ನ ಹಲವು ಡೆಸ್ಕ್‌ಟಾಪ್‌ಗಳಲ್ಲಿ ನೋಡಲು ಎಟಿಎಕ್ಸ್‌ನಂತೆಯೇ ಇರುವ, ಆದರೆ ಪಿನ್ನುಗಳ ಜೋಡಣೆ ಬೇರೆಯಾದ ಪ್ಲಗ್ ಹಾಕಿತು. ಮಾಮೂಲಿ ಎಸ್‌ಎಂಪಿಎಸ್ ತಂದು ಸಿಕ್ಕಿಸಿದರೆ ಸಲೀಸಾಗಿ ಕೂರುತ್ತದೆ. ಸ್ವಿಚ್ ಹಾಕಿದರೆ ಬೋರ್ಡ್ ಸುಡಬಹುದು. ಅಪ್‌ಗ್ರೇಡ್ ಮಾಡಿ ಮಾರುತ್ತ ಬೆಳೆದ ಕಂಪನಿಯೇ ಅಪ್‌ಗ್ರೇಡಿನ ದಾರಿಗೆ ಅಡ್ಡ ನಿಂತದ್ದು ವಿಪರ್ಯಾಸ. 2006ರಲ್ಲಿ ಏಲಿಯನ್‌ವೇರನ್ನೂ ಡೆಲ್ ಕೊಂಡಿತು. ಇಂದಿಗೂ ದೊಡ್ಡ ಬ್ರ್ಯಾಂಡ್‌ಗಳ ಹಲವು ಡೆಸ್ಕ್‌ಟಾಪ್‌ಗಳಲ್ಲಿ ಬೋರ್ಡ್, ಎಸ್‌ಎಂಪಿಎಸ್, ಕ್ಯಾಬಿನೆಟ್ ಮೂರೂ ಆ ಕಂಪನಿಯ ಸ್ವಂತ ಅಳತೆಯವು. ಒಂದು ಕೆಟ್ಟರೆ ಬದಲಿಗೆ ಅವರ ಬಳಿಯೇ ಹೋಗಬೇಕು.

ಬರಗಾಲದಲ್ಲಿ ಬಂದ ಮರ್ಯಾದೆ

ಬಿಡಿಭಾಗ ತಂದು ಜೋಡಿಸುವವರು ತಯಾರಾದ ಪಿಸಿಯನ್ನು ಬಹುಕಾಲ ಹಗುರವಾಗಿ ಕಂಡರು. 2020ರ ಸೆಪ್ಟೆಂಬರ್‌ನಲ್ಲಿ ಎನ್ವಿಡಿಯಾದ ಆರ್‌ಟಿಎಕ್ಸ್ 3080 ಕಾರ್ಡ್ 699 ಡಾಲರ್ ಬೆಲೆಯೊಂದಿಗೆ ಬಂದಾಗ ಲೆಕ್ಕ ತಲೆಕೆಳಗಾಯಿತು. ಕೋವಿಡ್‌ನಿಂದ ಮನೆಯಲ್ಲೇ ಕೂತ ಜನ, ಚಿಪ್ ಕೊರತೆ, ಇಥೀರಿಯಂ ಎಂಬ ಕ್ರಿಪ್ಟೊಕರೆನ್ಸಿಯ ಮೈನಿಂಗ್‌ಗೆ ಕಾರ್ಡುಗಳನ್ನು ಬಾಚಿಕೊಂಡವರು, ಕಾಳಸಂತೆಯ ದಲ್ಲಾಳಿಗಳು ಎಲ್ಲ ಸೇರಿ ಕಾರ್ಡಿನ ಬೆಲೆ ದುಪ್ಪಟ್ಟು ದಾಟಿತು. ಮೊದಲೇ ಒಪ್ಪಂದ ಮಾಡಿಕೊಂಡಿದ್ದ ಪಿಸಿ ಕಂಪನಿಗಳಿಗೆ ಮಾತ್ರ ಕಾರ್ಡ್ ಸಿಗುತ್ತಿತ್ತು. ಕಾರ್ಡಿಗಾಗಿಯೇ ಇಡೀ ಪೆಟ್ಟಿಗೆ ಕೊಂಡವರುಂಟು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ತನ್ನ ವಿಧಾನ ಬದಲಿಸಿ ಕಾರ್ಡುಗಳಿಂದ ಮಾಡುವ ಮೈನಿಂಗ್ ನಿಲ್ಲಿಸಿದ ಮೇಲೆಯೇ ಆ ಗಲಾಟೆ ಪೂರ್ತಿ ಅಡಗಿದ್ದು.

ನಮ್ಮಲ್ಲಿ ಕಥೆ ತುಸು ಬೇರೆ. ಬೆಂಗಳೂರಿನ ಎಸ್‌.ಪಿ. ರೋಡ್, ಅಂದರೆ ಸಾದರ್ ಪತ್ರಪ್ಪ ರಸ್ತೆ, ಬಹಳ ವರ್ಷಗಳಿಂದ ‘ಅಸೆಂಬಲ್ಡ್’ ಪಿಸಿಯ ತವರು. ಅಲ್ಲಿ ಬೋರ್ಡು, ರ‍್ಯಾಮು, ಕ್ಯಾಬಿನೆಟ್ಟು ಬಿಡಿಯಾಗಿ ಆರಿಸಿ, ಅಂಗಡಿಯವರಿಂದಲೇ ಜೋಡಿಸಿಕೊಂಡು ಬರುವುದು ರೂಢಿ. ಹಾಗಾಗಿ ನಮ್ಮ ಅಗ್ಗದ ‘ರೆಡಿ’ ಗೇಮಿಂಗ್ ಪಿಸಿಗಳಲ್ಲಿ ಹಲವು ಮಾಮೂಲಿ ಅಳತೆಯವೇ. ಇಲ್ಲಿ ಬೀಗದ ಭಯ ಕಡಿಮೆ. ಭಯವಿರುವುದು ಹಳೆಯ ಪ್ರೊಸೆಸರಿಗೆ ಹೊಸ ದೀಪ ಹಚ್ಚಿ ಮಾರುವುದರ ಬಗ್ಗೆ.

ಹೆಸರೊಂದೇ, ಸರಕು ಬೇರೆ

ಮಾಡೆಲ್ ಸಂಖ್ಯೆಯನ್ನು ಪೂರ್ತಿ ಕೇಳಬೇಕು ಎನ್ನುವುದಕ್ಕೆ ಒಂದು ಉದಾಹರಣೆ ಸಾಕು. ಆರ್‌ಟಿಎಕ್ಸ್ 3050 ಎಂಬ ಹೆಸರಿನಲ್ಲಿ ಕನಿಷ್ಠ ಎರಡು ಕಾರ್ಡುಗಳಿವೆ. 2022ರ 8 ಜಿಬಿ ಕಾರ್ಡಿನಲ್ಲಿ 2,560 ಕೋರ್‌ಗಳಿವೆ, ಅದು 130 ವಾಟ್ ಬೇಡುತ್ತದೆ. 2024ರ 6 ಜಿಬಿ ಕಾರ್ಡಿನಲ್ಲಿ 2,304 ಕೋರ್, 70 ವಾಟ್. ಮೆಮೊರಿಯ ದಾರಿಯೂ 128 ಬಿಟ್‌ನಿಂದ 96 ಬಿಟ್‌ಗೆ ಕಿರಿದಾಗಿದೆ. ಜಾಹೀರಾತಿನಲ್ಲಿ ಮಾತ್ರ ಎರಡೂ ‘3050’.

ಹಾಗೆಂದು 6 ಜಿಬಿಯ ತಂಗಿಯನ್ನು ತಳ್ಳಿಹಾಕುವಂತಿಲ್ಲ. ಮದರ್‌ಬೋರ್ಡಿನ ಸ್ಲಾಟ್ ತಾನಾಗಿಯೇ 75 ವಾಟ್‌ವರೆಗೆ ಕೊಡುತ್ತದೆ. ಅದರೊಳಗೆ ಕೆಲಸ ಮುಗಿಸುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಬೇರೆ ವೈರ್ ಎಳೆಯಬೇಕಿಲ್ಲ. ಎಸ್‌ಎಂಪಿಎಸ್ ಬದಲಿಸಲಾಗದ ಬ್ರ್ಯಾಂಡೆಡ್ ಪೆಟ್ಟಿಗೆಗೆ ಇದು ಒಳ್ಳೆಯ ದಾರಿ. ಕಂಪನಿಗಳಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಆಫೀಸ್ ಡೆಸ್ಕ್‌ಟಾಪ್‌ಗೆ ಇಂಥ ಕಾರ್ಡ್ ಹಾಕಿ ಆಡುವವರು ಬಹಳ. ಅವರು ಎರಡು ಸಂಗತಿ ನೋಡಿಕೊಳ್ಳಬೇಕು. ಸಣ್ಣ ಕ್ಯಾಬಿನೆಟ್ಟಿನಲ್ಲಿ ಅರ್ಧ ಎತ್ತರದ ಕಾರ್ಡ್ ಮಾತ್ರ ಕೂರುತ್ತದೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಅಥವಾ ಆಮೇಲಿನ ಪ್ರೊಸೆಸರ್ ಬೇಕೆನ್ನುತ್ತದೆ ಮೈಕ್ರೋಸಾಫ್ಟ್.

ಯಾವುದನ್ನು ಬದಲಿಸಬೇಕು

ಮೊದಲ ಸ್ಥಾನ ಎಸ್‌ಎಸ್‌ಡಿಗೆ, ಪೆಟ್ಟಿಗೆಯಲ್ಲಿ ಹಾರ್ಡ್ ಡಿಸ್ಕ್ ಮಾತ್ರ ಇದ್ದರೆ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರರಿಂದ ಇನ್ನೂರು ಎಂಬಿ ಓದಿದರೆ, ಸಾಟಾ ಎಸ್‌ಎಸ್‌ಡಿ ಸುಮಾರು 550 ಎಂಬಿ ಓದುತ್ತದೆ. ಚೂರುಪಾರು ಕಡತಗಳನ್ನು ಹುಡುಕುವಾಗ ಅಂತರ ಇನ್ನೂ ಹೆಚ್ಚು. ಎನ್‌ವಿಎಂಇ ಎಸ್‌ಎಸ್‌ಡಿ 3,500 ಎಂಬಿ ದಾಟಬಹುದು. ಆದರೆ ಸಾಟಾದಿಂದ ಅದಕ್ಕೆ ಜಿಗಿದಾಗ ಆಟ ತೆರೆಯುವ ವೇಳೆಯಲ್ಲಿ ಉಳಿಯುವುದು ಸಾಮಾನ್ಯವಾಗಿ ಕೆಲವೇ ಸೆಕೆಂಡು. ಯಾವ ಎಸ್‌ಎಸ್‌ಡಿಯೂ ಆಟದಲ್ಲಿ ಸೆಕೆಂಡಿಗೆ ಮೂಡುವ ಫ್ರೇಮ್ ಸಂಖ್ಯೆಯನ್ನು ಹೇಳಿಕೊಳ್ಳುವಷ್ಟು ಏರಿಸುವುದಿಲ್ಲ.

ಎರಡನೆಯದು ರ‍್ಯಾಮಿನ ಇನ್ನೊಂದು ಸ್ಟಿಕ್. ಡಿಡಿಆರ್4-3200 ರ‍್ಯಾಮ್ ಒಂದು ಚಾನೆಲ್ಲಿನಲ್ಲಿ ಸೆಕೆಂಡಿಗೆ 25.6 ಜಿಬಿ ಸಾಗಿಸುತ್ತದೆ, ಎರಡರಲ್ಲಿ 51.2 ಜಿಬಿ. ಒಂದೇ ಸ್ಟಿಕ್ ಹಾಕಿ ಮಾರಿದ ಪಿಸಿ ಅರ್ಧ ರಸ್ತೆ ಮುಚ್ಚಿಕೊಂಡೇ ಓಡುತ್ತಿರುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಪಿಸಿಯಲ್ಲಂತೂ ಈ ಬದಲಾವಣೆ ಕಣ್ಣಿಗೇ ಕಾಣುತ್ತದೆ. ಆದರೆ ಇಷ್ಟು ದಿನ ಸುಲಭವಾಗಿದ್ದ ಈ ಸಲಹೆ ಈಗ ದುಬಾರಿ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ನುಂಗತೊಡಗಿ 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಗಗನಕ್ಕೇರಿತು. ಗ್ರಾಹಕರಿಗೆ ಮಾರುವ ಕ್ರೂಷಿಯಲ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಮೈಕ್ರಾನ್ ಡಿಸೆಂಬರ್‌ನಲ್ಲಿ ಘೋಷಿಸಿತು. ಹೀಗಾಗಿ ಎರಡು ಸ್ಟಿಕ್ ಇರುವ ಪಿಸಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಮೂರನೆಯದು ಗ್ರಾಫಿಕ್ಸ್ ಕಾರ್ಡ್. ಫ್ರೇಮ್ ಸಂಖ್ಯೆ ನಿಜವಾಗಿ ಏರುವುದು ಇದರಿಂದ, ಖರ್ಚೂ ಇದಕ್ಕೇ ಹೆಚ್ಚು. ಎಸ್‌ಎಂಪಿಎಸ್‌ನಲ್ಲಿ ಬೇಕಾದ ಪ್ಲಗ್ ಇದೆಯೇ ನೋಡಬೇಕು: ಆರು ಪಿನ್ನಿನದು 75 ವಾಟ್, ಎಂಟು ಪಿನ್ನಿನದು 150 ವಾಟ್ ಕೊಡಬಲ್ಲದು. ಬೋರ್ಡಿನ ವಯಸ್ಸೂ ಮುಖ್ಯ. 2022ರ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡಿಗೆ ಬೋರ್ಡಿನೊಡನೆ ಮಾತಾಡಲು ಪಿಸಿಐ ಎಕ್ಸ್‌ಪ್ರೆಸ್‌ನ ನಾಲ್ಕೇ ಲೇನ್‌ಗಳಿದ್ದವು. ಹೊಸ ಬೋರ್ಡಿನಲ್ಲಿ ಸರಿಯಾಗಿ ಓಡುವ ಅದೇ ಕಾರ್ಡ್, ಲೇನ್‌ಗಳ ವೇಗ ಕಡಿಮೆಯಿರುವ ಹಳೆಯ ಬೋರ್ಡಿನಲ್ಲಿ ಸೋಲುತ್ತಿತ್ತು.

ಪ್ರೊಸೆಸರ್ ಬದಲಾವಣೆ ಸಾಕೆಟ್ಟಿನ ಮೇಲೆ ನಿಂತಿದೆ. ಎಎಂಡಿಯ ಎಎಂ4 ಸಾಕೆಟ್ ಇದ್ದರೆ ಅದೃಷ್ಟ. 2017ರ ಮೊದಲ ರೈಜನ್ ಬಂದ ಎಷ್ಟೋ ಬೋರ್ಡುಗಳಲ್ಲಿ ಬಯಾಸ್ ಅಪ್‌ಡೇಟ್ ಮಾಡಿ 2022ರ ರೈಜನ್ 7 5800ಎಕ್ಸ್3ಡಿ ಕೂರಿಸಬಹುದು. ಬ್ರ್ಯಾಂಡೆಡ್ ಪೆಟ್ಟಿಗೆಯಾದರೆ ಆ ಅಪ್‌ಡೇಟನ್ನು ಕಂಪನಿಯೇ ಕೊಡಬೇಕು.

ದುಡ್ಡು ಸುರಿಯಬಾರದ ಜಾಗಗಳೂ ಇವೆ. ಮಧ್ಯಮ ಪ್ರೊಸೆಸರಿಗೆ ಲಿಕ್ವಿಡ್ ಕೂಲರ್ ದಂಡದ ಖರ್ಚು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ ಮುಂಭಾಗಕ್ಕೆ ಪೂರ್ತಿ ಗಾಜು ಹಾಕಿದ ಕ್ಯಾಬಿನೆಟ್ಟಿಗಿಂತ ಜಾಲರಿಯದು ಲೇಸು. ಯುಪಿಎಸ್ ಕೊಳ್ಳುವಾಗಲೂ ಎಚ್ಚರ: ಮನೆಗಳಲ್ಲಿ ಸಾಮಾನ್ಯವಾದ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವಾಟ್. ದೊಡ್ಡ ಕಾರ್ಡ್ ಇರುವ ಪಿಸಿ ಮಾನಿಟರ್ ಜೊತೆ ಸೇರಿ ಇದನ್ನು ಮೀರಬಹುದು. ಎಸ್‌ಎಂಪಿಎಸ್ ಮೇಲಿನ ‘80 ಪ್ಲಸ್’ ಮುದ್ರೆ ಕರೆಂಟ್ ಎಷ್ಟು ಪೋಲಾಗುತ್ತದೆ ಎಂಬುದಕ್ಕೆ ಸಂಬಂಧಿಸಿದ್ದು, ಸುರಕ್ಷತೆಯ ಪ್ರಮಾಣಪತ್ರವಲ್ಲ.

ಕೊಳ್ಳುವ ಮುನ್ನ

ನನ್ನ ತೀರ್ಪು ಸರಳ. ಮಾಮೂಲಿ ಎಟಿಎಕ್ಸ್ ಅಳತೆಯ ಎಸ್‌ಎಂಪಿಎಸ್, ಖಾಲಿ ರ‍್ಯಾಮ್ ಸ್ಲಾಟ್, ಎನ್‌ವಿಎಂಇ ಎಸ್‌ಎಸ್‌ಡಿ ಕೂರುವ ಖಾಲಿ ಎಂ.2 ಸ್ಲಾಟ್, ಇನ್ನೂ ಪ್ರೊಸೆಸರ್ ಸಿಗುವ ಸಾಕೆಟ್ ಈ ನಾಲ್ಕೂ ಇದ್ದರೆ, ಇವತ್ತು ಕಾರ್ಡ್ ಸಣ್ಣದಿದ್ದರೂ ಆ ಅಗ್ಗದ ಪಿಸಿಯನ್ನು ಧೈರ್ಯವಾಗಿ ಕೊಳ್ಳಬಹುದು. ಇವಿಲ್ಲದೆ ದೊಡ್ಡ ಕಾರ್ಡ್ ತೋರಿಸಿ ಮಾರುವ ಪೆಟ್ಟಿಗೆಯನ್ನು, ಇದ್ದ ಹಾಗೆಯೇ ನಾಲ್ಕೈದು ವರ್ಷ ಬಳಸುವವರು ಮಾತ್ರ ಕೊಳ್ಳಬೇಕು. ಕ್ಯಾಬಿನೆಟ್ ಬಿಚ್ಚಿದರೆ ವಾರಂಟಿ ಉಳಿಯುತ್ತದೆಯೇ ಎಂಬುದನ್ನು ಮೊದಲೇ ಕೇಳಿ, ಬರಹದಲ್ಲಿ ಪಡೆಯಿರಿ. ಪ್ರೊಸೆಸರ್, ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕಾರ್ಡ್ ಆರರ ಪೂರ್ತಿ ಮಾಡೆಲ್ ಹೆಸರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದ ಅಂಗಡಿಯಲ್ಲಿ, ಬೆಲೆ ಎಷ್ಟೇ ಕಡಿಮೆ ಇರಲಿ, ಕೊಳ್ಳಬೇಡಿ.