ಬೀಗ ಹಾಕಿದ ಮನೆಗೂ ಮಳೆಗಾಲ ಬರುತ್ತೆ

2018ರ ಆಗಸ್ಟ್ ನಿಮಗೆ ನೆನಪಿರಬೇಕು. ಕೊಡಗಿನಲ್ಲಿ ಗುಡ್ಡಗಳು ಜಾರುತ್ತಿದ್ದವು. ಜೋಡುಪಾಲ, ಮಕ್ಕಂದೂರು ಎಂಬ ಹೆಸರುಗಳನ್ನು ನಾನು ದಿನಕ್ಕೆ ಹತ್ತಾರು ಸಲ ಹೇಳುತ್ತಿದ್ದೆ. ಒಂದು ಬ್ರೇಕಿನಲ್ಲಿ ಮೊಬೈಲ್ ನೋಡಿದರೆ ಆರು ಮಿಸ್ಡ್ ಕಾಲ್. ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಮನೆಯ ಪಕ್ಕದವರದು. "ಮಾರಾಯ, ನಿಮ್ಮನೆ ಹಿಂದಿನ ಗೋಡೆ ಕೂತು ಹೋಯ್ತು. ನೀನು ಅಲ್ಲಿ ಕೂತು ಕೊಡಗಿನ ಸುದ್ದಿ ಹೇಳ್ತಾ ಇದೀಯಲ್ಲ" ಅಂದರು. ರಾತ್ರಿ ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಆಕೆ ಕೇಳಿದ್ದು ಒಂದೇ ಮಾತು: "ದೇವರ ಕೋಣೆ ಉಳಿದಿದ್ಯಾ?"

ಉಳಿದಿತ್ತು. ಅಡುಗೆಮನೆ ಮತ್ತು ಬಚ್ಚಲು ಹೋಗಿದ್ದವು.

ಅಪ್ಪ ಹೋದಮೇಲೆ ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಬಂದು ಆ ಮನೆಗೆ ಬೀಗ ಹಾಕಿದ್ದೆ. ಬೇಸಿಗೆ ರಜೆಯಲ್ಲಿ ಹದಿನೈದು ದಿನ, ದೀಪಾವಳಿಗೆ ನಾಲ್ಕು ದಿನ ಹೋಗಿ ಬರೋದು. ಮಲೆನಾಡಿನಲ್ಲಿ ಇಂಥ ಮನೆಗಳು ಈಗ ಊರಿಗೆ ನಾಲ್ಕಾರು ಸಿಗುತ್ತವೆ. ನಾನು ಜಾಣ ಅಂದುಕೊಂಡು ಇನ್ಶೂರೆನ್ಸ್ ಕೂಡ ಮಾಡಿಸಿದ್ದೆ. ಕ್ಲೈಮ್ ಹಾಕಿದೆ. ಸರ್ವೇಯರ್ ಬಂದರು, ಫೋಟೋ ತೆಗೆದರು, ತಿಂಗಳ ನಂತರ ಪತ್ರ ಬಂತು: ಕೊಡಲಾಗುವುದಿಲ್ಲ. ಎರಡು ಕಾರಣ. ಒಂದು, ಮನೆ 30 ದಿನಕ್ಕಿಂತ ಹೆಚ್ಚು ಕಾಲ ಖಾಲಿಯಿತ್ತು, ನೀವು ತಿಳಿಸಿ ಒಪ್ಪಿಗೆ ಪಡೆದಿಲ್ಲ. ಎರಡು, ಗೋಡೆ ಬಿದ್ದದ್ದು ಪ್ರವಾಹದಿಂದಲ್ಲ, ಬಹಳ ದಿನದಿಂದ ನೀರು ಇಳಿದು.

ಮೊದಲು ಸಿಟ್ಟು ಬಂತು. ಚಾನೆಲ್‌ನಲ್ಲಿ ಒಂದು ಕಾರ್ಯಕ್ರಮವನ್ನೇ ಮಾಡಿಬಿಡೋಣ ಅನ್ನಿಸಿತು. ಆಮೇಲೆ ಪಾಲಿಸಿ ತೆಗೆದು ಓದಿದೆ, ಮೊದಲ ಸಲ. ಸಾಲು ಅಲ್ಲೇ ಇತ್ತು. ಪಾಲಿಸಿ ಮಾರಿದವರು "ಮನೇಲಿ ಯಾರಿರ್ತಾರೆ ಸಾರ್" ಅಂತ ಒಂದು ಮಾತು ಕೇಳಿರಲಿಲ್ಲ ನಿಜ. ನಾನೂ ಹೇಳಿರಲಿಲ್ಲ.

ಗೋಡೆ ಯಾಕೆ ಬಿತ್ತು ಗೊತ್ತಾ? ಹಲಸಿನ ಎಲೆಯಿಂದ. ಎರಡು ಮಾಡು ಸೇರುವ ಕಡೆ ನೀರು ಹರಿಯಲು ತಗಡಿನ ದೋಣಿ ಇರುತ್ತದೆ. ಅದರಲ್ಲಿ ಎಲೆ ತುಂಬಿ, ನೀರು ಉಕ್ಕಿ, ಮಣ್ಣಿನ ಗೋಡೆಯ ನೆತ್ತಿಗೆ ಇಳಿದಿದೆ. ಮಣ್ಣಿನ ಗೋಡೆ ಒಣಗಿರುವಷ್ಟು ದಿನ ನೂರು ವರ್ಷವಾದರೂ ನಿಲ್ಲುತ್ತೆ. ತಲೆಯಿಂದ ನೀರು ಕುಡಿದರೆ ತನ್ನ ಭಾರಕ್ಕೆ ತಾನೇ ಕೂತುಬಿಡುತ್ತೆ. ಅಪ್ಪ ಇದ್ದಾಗ ಪ್ರತಿ ವರ್ಷ ಮೇ ತಿಂಗಳಲ್ಲಿ ಆಳು ಹತ್ತಿಸಿ ಹೆಂಚು ಕೈಯಾಡಿಸುತ್ತಿದ್ದರು. ಒಡೆದ ಹೆಂಚು ಬದಲಾಯಿಸಿ, ದೋಣಿ ಗುಡಿಸಿ, ಮಳೆ ಹೊಡೆಯುವ ಬದಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿಸುತ್ತಿದ್ದರು. ನನಗೆ ಅದು ಹಳೇ ಕಾಲದವರ ಗಡಿಬಿಡಿ ಅಂತ ಕಾಣುತ್ತಿತ್ತು.

ಇನ್ನೊಂದು ವಿಷಯ ನನಗೆ ತಿಳಿದದ್ದು ಮನೆ ಬಿದ್ದಮೇಲೆ. ಹಳೇ ಮನೆಯನ್ನು ಕಾಯುತ್ತಿದ್ದದ್ದು ಒಲೆಯ ಹೊಗೆ. ದಿನಾ ಎರಡು ಹೊತ್ತು ಹೊಗೆ ಏರಿ ತೊಲೆ, ಪಕಾಸಿ, ರೀಪುಗಳನ್ನು ಒಣಗಿಸುತ್ತಿತ್ತು. ಹುಳ ಹತ್ತಿರ ಸುಳಿಯುತ್ತಿರಲಿಲ್ಲ. ಬೀಗ ಹಾಕಿದ ಮನೆಯಲ್ಲಿ ಒಲೆ ಇಲ್ಲ. ಥಂಡಿ ಕೂರುತ್ತೆ, ಹಿಂದೆಯೇ ಗೆದ್ದಲು ಬರುತ್ತೆ. ಹಾಗಾಗಿ ವಾರಕ್ಕೊಮ್ಮೆಯಾದರೂ ಯಾರಾದರೂ ಬಾಗಿಲು ಕಿಟಕಿ ತೆಗೆದು, ಒಲೆ ಹಚ್ಚಿ, ಒಂದು ಗಂಟೆ ಇದ್ದು ಹೋಗಬೇಕು. ಪುಕ್ಕಟೆ ಮಾಡಿಸಬೇಡಿ, ತಿಂಗಳಿಗೆ ಇಷ್ಟು ಅಂತ ಕೊಡಿ. ಕೆನಡಾದಂಥ ಚಳಿ ದೇಶಗಳಲ್ಲಿ ಬೇಸಿಗೆ ಮನೆಗಳನ್ನು ಮುಚ್ಚುವಾಗ ಪೈಪಿನ ನೀರನ್ನೆಲ್ಲ ಖಾಲಿ ಮಾಡುತ್ತಾರೆ, ಯಾಕೆಂದರೆ ನೀರು ಮಂಜುಗಡ್ಡೆಯಾದಾಗ ಹಿಗ್ಗಿ ಪೈಪ್ ಸೀಳುತ್ತೆ. ಅಲ್ಲಿ ಪೈಪಿನ ಒಳಗಿನ ನೀರಿನ ಭಯ, ನಮಗೆ ಮಾಡಿನ ಮೇಲಿನ ನೀರಿನ ಭಯ.

ಮನೆ ಹಿಂದೆ ಧರೆ ಇದ್ದವರು ಇನ್ನೂ ಹುಷಾರಾಗಿರಿ. ಧರೆಯ ಬುಡದ ಚರಂಡಿ ಮೇ ತಿಂಗಳಲ್ಲೇ ಬಿಡಿಸಿರಬೇಕು. ಧರೆಯ ಮೇಲೆ ಹೊಸದಾಗಿ ಬಿರುಕು ಕಂಡರೆ ಚರಂಡಿ ಸಾಲದು, ಎಂಜಿನಿಯರನ್ನು ಕರೆಸಿ. ಮಾಡಿನ ಮೇಲೆ ಚಾಚಿದ ಕೊಂಬೆ ಕಡಿಸಿ, ಮೇನ್ ಸ್ವಿಚ್ ಆಫ್ ಮಾಡಿ, ಸಿಲಿಂಡರಿನ ರೆಗ್ಯುಲೇಟರ್ ತೆಗೆದಿಡಿ.

ಈಗ ವಿಮೆಗೆ ಬರೋಣ. ನಾವು ಟಿವಿಯವರು ಮಳೆಗಾಲ ಪೂರ್ತಿ 'ಪರಿಹಾರ' ಅಂತೀವಿ, 'ವಿಮೆ' ಅನ್ನೋದು ಅಪರೂಪ. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿ ತಂದಿದೆ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಭೂಕುಸಿತ, ಮನೆಮೇಲೆ ಮರ ಬೀಳೋದು, ಎಲ್ಲ ಅದರಲ್ಲಿವೆ. ಕಟ್ಟಡಕ್ಕೆ ಮಾಡಿಸಿದ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆ ಸಾಮಾನಿಗೂ ತಾನಾಗಿ ರಕ್ಷಣೆ ಸಿಗುತ್ತೆ. ಮೊತ್ತ ಬರೆಸುವಾಗ ಮನೆಯನ್ನು ಮತ್ತೆ ಕಟ್ಟಲು ಎಷ್ಟು ಬೇಕು ಅಂತ ಲೆಕ್ಕ ಹಾಕಿ. ಜಾಗದ ಬೆಲೆ, ತೋಟದ ಬೆಲೆ ಸೇರಿಸಿ ಕೋಟಿ ಬರೆಸುವವರನ್ನು ನೋಡಿದ್ದೀನಿ. ಜಾಗ ಸುಡೋದಿಲ್ಲ ಸ್ವಾಮಿ, ಸುಮ್ಮನೆ ಪ್ರೀಮಿಯಂ ದಂಡ.

ಕಳ್ಳತನದ ಬಗ್ಗೆ ಮೋಸ ಹೋಗಬೇಡಿ. ನೆರೆ, ಬೆಂಕಿಯಂಥ ಅನಾಹುತ ಆದ 7 ದಿನದೊಳಗೆ, ಅದರಿಂದಾಗಿಯೇ ನಡೆದ ಕಳ್ಳತನಕ್ಕೆ ಮಾತ್ರ ಈ ಪಾಲಿಸಿ ಕೊಡುತ್ತೆ. ಬರೀ ಬೀಗ ಒಡೆದು ಹಂಡೆ ಹೊತ್ತೊಯ್ದರೆ ಬೇರೆ ಪಾಲಿಸಿ ಬೇಕು.

ಗೋಡೆ ಮಣ್ಣಿನದ್ದು ಅಂತಿದ್ದರೆ ಮಣ್ಣಿನದ್ದು ಅಂತಲೇ ಬರೆಸಿ. ಮನೆ ವರ್ಷದಲ್ಲಿ ಎಷ್ಟು ದಿನ ಖಾಲಿ ಇರುತ್ತೆ ಅಂತ ಬರವಣಿಗೆಯಲ್ಲಿ ಕೊಡಿ, ಅವರ ಒಪ್ಪಿಗೆಯನ್ನೂ ಬರವಣಿಗೆಯಲ್ಲೇ ತಗೊಳ್ಳಿ. ಫೋನಿನಲ್ಲಿ "ಆಯ್ತು ಸಾರ್" ಅಂದದ್ದು ಲೆಕ್ಕಕ್ಕಿಲ್ಲ. ಹೆಂಚು ಕೈಯಾಡಿಸಿದ ಮೇಲೆ ಮಾಡು, ದೋಣಿ, ಗೋಡೆ, ಧರೆ, ಒಳಗಿನ ಸಾಮಾನು ಎಲ್ಲದರ ವಿಡಿಯೋ ಮಾಡಿ ನಿಮಗೆ ನೀವೇ ಇಮೇಲ್ ಕಳಿಸಿಕೊಳ್ಳಿ; ತಾರೀಖು ಇರುತ್ತೆ. ಆಳಿಗೆ ಕೂಲಿ ಕೊಟ್ಟ ಚೀಟಿ ಇಟ್ಟುಕೊಳ್ಳಿ. ನೀವು ಮನೆಯನ್ನು ಅಸಡ್ಡೆ ಮಾಡಿಲ್ಲ ಅಂತ ತೋರಿಸಲು ನಾಳೆ ಇದೇ ಬೇಕಾಗೋದು. ಅಷ್ಟಾದರೂ ಕ್ಲೈಮ್ ತಿರಸ್ಕರಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು, ಆಮೇಲೆ ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರ ಕಚೇರಿ. ಶುಲ್ಕ ಇಲ್ಲ, ವಕೀಲರೂ ಬೇಡ. ನಾನು ಹೋಗಲಿಲ್ಲ. ದೋಣಿ ಗುಡಿಸದವನು ಏನಂತ ವಾದ ಮಾಡೋದು?

ಗೋಡೆಯನ್ನು ಕೈಯಿಂದಲೇ ದುಡ್ಡು ಹಾಕಿ ಕಟ್ಟಿಸಿದೆ. ಬೀಗದ ಕೈ ಈಗ ಪಕ್ಕದ ಮನೆಯವರ ಹತ್ತಿರ ಇದೆ. ಅವರ ಹತ್ತಿರ ಒಂದು ಎರಡು ರೂಲಿನ ನೋಟುಬುಕ್ಕೂ ಇದೆ. ಬಾಗಿಲು ತೆಗೆದ ದಿನವೆಲ್ಲ ತಾರೀಖು ಹಾಕಿ ಒಂದು ಸಾಲು ಬರೆಯುತ್ತಾರೆ, ಬರೆದದ್ದನ್ನು ಫೋಟೋ ತೆಗೆದು ನನಗೆ ಕಳಿಸುತ್ತಾರೆ. ಮೊನ್ನೆ ಬಂದದ್ದು ಇದು: "ಆರಿದ್ರಾ ಜೋರು. ದೋಣಿ ಸರಿ ಇದೆ. ಒಲೆ ಹಚ್ಚಿದೆ, ಕಾಫಿ ಮಾಡಿ ಕುಡಿದೆ. ಸಕ್ಕರೆ ಮುಗಿದಿದೆ."