ಚಳಿ ಬೀಳುವ ಮುನ್ನ ಜೇನುಪೆಟ್ಟಿಗೆ ಒಮ್ಮೆ ತೆರೆದು ನೋಡಿ

ಶಿರಸಿ: ಮಳೆ ಹಿಂದೆ ಸರಿದು ಅಡಿಕೆ ಕೊಯ್ಲು ಹತ್ತಿರ ಬಂದಾಗ ಹಿತ್ತಲಿನ ಜೇನುಪೆಟ್ಟಿಗೆ ನೆನಪಾಗುವುದು ಕಡಿಮೆ. ಬಾಗಿಲಲ್ಲಿ ನೊಣ ಓಡಾಡ್ತಾ ಇದ್ರೆ ಎಲ್ಲ ಸರಿ ಇದೆ ಅಂದುಕೊಳ್ಳುವವರೇ ಹೆಚ್ಚು. ಆದರೆ ರಾಣಿ ಇಲ್ಲದ ಪೆಟ್ಟಿಗೆಯ ಬಾಗಿಲಲ್ಲೂ ಕೆಲವು ವಾರ ನೊಣ ಓಡಾಡುತ್ತಲೇ ಇರುತ್ತವೆ. ವಿಷಯ ಗೊತ್ತಾಗುವ ಹೊತ್ತಿಗೆ ಎರಿಯಲ್ಲಿ ಮೇಣದ ಹುಳ ತುಂಬಿರುತ್ತದೆ.

ಮಲೆನಾಡಿನ ಚಳಿ ತುಡುವೆ ಜೇನನ್ನು ಕೊಲ್ಲುವಂಥದ್ದಲ್ಲ. ಪೆಟ್ಟು ಬಿದ್ದಿರುವುದು ಮಳೆಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಹೋಗಲಾಗದೆ, ಹೂವೂ ಸಿಗದೆ ಕುಟುಂಬ ಸೊರಗಿರುತ್ತದೆ. ಮೊಟ್ಟೆಯೊಂದು ಬೆಳೆದು, ಹೂವಿಗೆ ಹೋಗುವ ನೊಣವಾಗಲು ಹೆಚ್ಚುಕಡಿಮೆ 40 ದಿನ ಬೇಕು. ಫೆಬ್ರವರಿಯ ನಂತರ ತುಪ್ಪ ತುಂಬಬೇಕಾದರೆ ಕುಟುಂಬ ಈಗಿನಿಂದಲೇ ಬೆಳೆಯಬೇಕು. ಡಿಸೆಂಬರ್ ಕೊನೆಗೆ ನೋಡೋಣ ಅಂದ್ರೆ ತಡವಾಯ್ತು ಅಂತಲೇ ಅರ್ಥ.

ನೋಡುವುದು ಹೇಗೆ?

ಬಿಸಿಲು ಬಂದು ಇಬ್ಬನಿ ಆರಿದ ಮೇಲೆ, ಬೆಳಿಗ್ಗೆ 10ರ ಸುಮಾರಿಗೆ ತೆರೆಯುವುದು ಒಳ್ಳೆಯದು. ಬಾಗಿಲಿಗೆ ಅಡ್ಡ ನಿಲ್ಲದೆ ಪಕ್ಕದಲ್ಲಿ ನಿಲ್ಲಿ. ಹೊಗೆ ಸ್ವಲ್ಪವೇ ಸಾಕು. ಅಂಚಿನ ಚೌಕಟ್ಟಿನಿಂದ ಶುರು ಮಾಡಿ ಒಂದೊಂದಾಗಿ ಮೇಲೆತ್ತಿ. ರಾಣಿಯನ್ನೇ ಹುಡುಕುತ್ತಾ ಕೂರಬೇಕಿಲ್ಲ, ಮೊಟ್ಟೆ ಕಂಡರೆ ಸಾಕು. ಮೊಟ್ಟೆ ಮೂರು ದಿನಕ್ಕೆ ಒಡೆಯುವುದರಿಂದ, ಅದು ಕಂಡಿತೆಂದರೆ ಮೂರು ದಿನದ ಹಿಂದಾದರೂ ರಾಣಿ ಇತ್ತು ಎಂದಾಯಿತು.

ಒಂದು ಕೋಶದಲ್ಲಿ ಒಂದೇ ಮೊಟ್ಟೆ ತಳದಲ್ಲಿ ನಿಂತಿದ್ದರೆ ಸರಿ. ಒಂದೇ ಕೋಶದಲ್ಲಿ ಎರಡು ಮೂರು ಮೊಟ್ಟೆ, ಅದೂ ಗೋಡೆಗೆ ಅಂಟಿಕೊಂಡಿದ್ದರೆ ರಾಣಿ ಇಲ್ಲದೆ ಕೆಲಸಗಾರ ನೊಣಗಳೇ ಮೊಟ್ಟೆ ಇಡುತ್ತಿವೆ ಎಂದು ಲೆಕ್ಕ. ಆ ಮೊಟ್ಟೆಗಳಿಂದ ಗಂಡು ನೊಣ ಮಾತ್ರ ಬರುತ್ತದೆ. ಮುಚ್ಚಿದ ಮರಿಕೋಶಗಳ ನಡುವೆ ಅಲ್ಲಲ್ಲಿ ಖಾಲಿ ಬಿಟ್ಟಿದ್ದರೆ ರಾಣಿಗೆ ವಯಸ್ಸಾಗಿರಬಹುದು, ಇಲ್ಲವೇ ಮರಿಗಳಿಗೆ ರೋಗ ಇರಬಹುದು.

ರಾಣಿ ಇಲ್ಲದಿದ್ದರೆ

ನೊಣ ಸಾಕಷ್ಟಿದ್ದು, ಸುತ್ತಮುತ್ತ ಗಂಡು ನೊಣಗಳೂ ಕಾಣುತ್ತಿದ್ದರೆ ಬೇರೆ ಆರೋಗ್ಯದ ಪೆಟ್ಟಿಗೆಯಿಂದ ಮೊಟ್ಟೆ ಇರುವ ಒಂದು ಎರಿ ಕೊಟ್ಟು ನೋಡಬಹುದು. ಅವೇ ರಾಣಿಕೋಶ ಕಟ್ಟಿಕೊಳ್ಳುತ್ತವೆ. ಆದರೆ ಕೆಲಸಗಾರ ನೊಣ ಮೊಟ್ಟೆ ಇಡಲು ಶುರು ಮಾಡಿದ್ದರೆ ಈ ಉಪಾಯ ಹೆಚ್ಚಾಗಿ ಕೈಕೊಡುತ್ತದೆ.

ನೊಣ ಎರಡು ಎರಿ ತುಂಬುವಷ್ಟೂ ಇಲ್ಲದಿದ್ದರೆ ರಾಣಿ ಇರುವ ಕುಟುಂಬದ ಜತೆ ಸೇರಿಸುವುದೇ ಮೇಲು. ಸಂಜೆ ಹೊತ್ತು, ರಾಣಿ ಇರುವ ಸಂಸಾರಕೋಣೆಯ ಮೇಲೆ ಸಣ್ಣ ತೂತು ಮಾಡಿದ ಒಂದು ಹಾಳೆ ಪೇಪರ್ ಹಾಸಿ, ಅದರ ಮೇಲೆ ಇನ್ನೊಂದು ಕೋಣೆ ಇಟ್ಟರಾಯಿತು. ಪೇಪರ್ ಕಡಿದು ಮುಗಿಸುವಷ್ಟರಲ್ಲಿ ಎರಡರ ವಾಸನೆ ಒಂದಾಗಿ ಜಗಳ ತಪ್ಪುತ್ತದೆ. ಎರಡು ಪೆಟ್ಟಿಗೆ ಒಂದಾಯ್ತಲ್ಲ ಅಂತ ಬೇಸರ ಬೇಡ. ಬಲವಾದ ಕುಟುಂಬವನ್ನು ಮುಂದೆ ಪಾಲು ಮಾಡಬಹುದು, ಸತ್ತ ಕುಟುಂಬವನ್ನು ಏನೂ ಮಾಡಲಾಗದು.

ಸೇರಿಸುವ ಮೊದಲು ರೋಗ ನೋಡಿ

ಇಲ್ಲಿ ತಪ್ಪಿದರೆ ಎರಡೂ ಹೋಗುತ್ತವೆ. 1991-92ರಲ್ಲಿ ದಕ್ಷಿಣ ಭಾರತದಲ್ಲಿ ಹಬ್ಬಿದ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಮಲೆನಾಡು, ಕರಾವಳಿಯ ಎಷ್ಟೋ ಮನೆಗಳ ಪೆಟ್ಟಿಗೆಗಳನ್ನು ಖಾಲಿ ಮಾಡಿತ್ತು. ರೋಗ ಪೂರ್ತಿ ಹೋಗಿಲ್ಲ. ಕೋಶದಲ್ಲಿ ಉದ್ದಕ್ಕೆ ಚಾಚಿ ಸತ್ತ ಮರಿಯ ತಲೆ ಮೇಲ್ಮುಖವಾಗಿರುತ್ತದೆ. ಕಡ್ಡಿಯಿಂದ ಎತ್ತಿದರೆ ನೀರು ತುಂಬಿದ ಚೀಲದಂತೆ ಬರುತ್ತದೆ.

ಇದಕ್ಕೆ ಔಷಧ ಇಲ್ಲ. ವೈರಸ್‌ಗೆ ಆ್ಯಂಟಿಬಯೋಟಿಕ್ ಹಾಕಿ ಪ್ರಯೋಜನವೂ ಇಲ್ಲ, ಅದರ ಅಂಶ ತುಪ್ಪದಲ್ಲಿ ಉಳಿದರೆ ಮಾರಾಟಕ್ಕೂ ತೊಂದರೆ. ರೋಗದ ಎರಿ ತೆಗೆದು ಸುಟ್ಟು, ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಮೊಟ್ಟೆ ನಿಲ್ಲಿಸಿದರೆ ಕೆಲವು ಕುಟುಂಬ ಚೇತರಿಸಿಕೊಳ್ಳುತ್ತವೆ. ಈ ಪೆಟ್ಟಿಗೆಯನ್ನು ಕೊನೆಗೆ ಮುಟ್ಟಿ, ಕೈ ಮತ್ತು ಚಾಕು ಸೋಪಿನಲ್ಲಿ ತೊಳೆಯಿರಿ. ಇದರ ಎರಿಯನ್ನು ಬೇರೆ ಪೆಟ್ಟಿಗೆಗೆ ಕೊಡುವುದು ಬೇಡವೇ ಬೇಡ.

ಮೇಣದ ಹುಳ, ಇರುವೆ, ಕಣಜ

ಎರಿಯಲ್ಲಿ ಜೇಡರ ಬಲೆಯಂಥ ನೂಲು, ಅಡಿಮಣೆಯಲ್ಲಿ ಕಪ್ಪು ಹಿಕ್ಕೆ ಕಂಡರೆ ಮೇಣದ ಹುಳ ಬಂದಿದೆ ಎಂದರ್ಥ. ನೊಣ ಕೂರದ ಎರಿಯೇ ಅದರ ಮನೆ. ಅಂಥ ಹಳೆಯ ಎರಿಗಳನ್ನು ಕೊಯ್ದು ತೆಗೆದು, ಅಡಿಮಣೆ ಕೆರೆದು, ಪೆಟ್ಟಿಗೆಯ ಬಿರುಕು ಮುಚ್ಚಿ. ಕೊಯ್ದ ಎರಿಯನ್ನು ಪೆಟ್ಟಿಗೆ ಪಕ್ಕದಲ್ಲೇ ಬಿಸಾಡಿದರೆ ಹುಳ ವಾಪಸ್ ಬರುತ್ತದೆ.

ಸ್ಟ್ಯಾಂಡಿನ ಕಾಲಿನ ಬಟ್ಟಲಿಗೆ ಮಳೆಗಾಲದಲ್ಲಿ ನೀರು ತಾನಾಗಿ ತುಂಬುತ್ತಿತ್ತು. ಇನ್ನು ಮೇಲೆ ನಾವೇ ತುಂಬಬೇಕು. ಪೆಟ್ಟಿಗೆಗೆ ತಾಗುವ ಹುಲ್ಲು ಸವರಿ, ಇಲ್ಲದಿದ್ದರೆ ಇರುವೆಗೆ ಅದೇ ಸೇತುವೆ. ಕಣಜದ ಹುಳ ಸುಳಿಯುತ್ತಿದ್ದರೆ ಬಾಗಿಲನ್ನು ಕಿರಿದು ಮಾಡಿ.

ಸಕ್ಕರೆ ಪಾಕ ಕೊಡುವಾಗ

ಎರಿಯ ಮೇಲಂಚಿನಲ್ಲಿ ತುಪ್ಪ ಇಲ್ಲದಿದ್ದರೆ ಮಾತ್ರ ಪಾಕ ಬೇಕು. ಸಕ್ಕರೆ, ನೀರು ಸಮಪ್ರಮಾಣ. ಕುದಿಸಿದ ನೀರಿನಲ್ಲಿ ಕರಗಿಸಿ, ತಣಿಸಿ, ತೆಂಗಿನ ಕರಟದಲ್ಲಿ ಎರಡು ಕಡ್ಡಿ ಹಾಕಿ ಪೆಟ್ಟಿಗೆಯ ಒಳಗಿಡಿ. ಕಡ್ಡಿ ಇಲ್ಲದಿದ್ದರೆ ನೊಣ ಮುಳುಗುತ್ತವೆ. ಸಂಜೆಯೇ ಕೊಡಿ. ಹಗಲಲ್ಲಿ ಚೆಲ್ಲಿದರೆ ಬಲವಾದ ಪೆಟ್ಟಿಗೆಯ ನೊಣ ಬಂದು ಬಡಪಾಯಿಯನ್ನು ದೋಚುತ್ತವೆ. ಬೆಲ್ಲದ ನೀರು ಬೇಡ, ಭೇದಿಯಾಗುತ್ತದೆ. ಅಂಗಡಿಯ ತುಪ್ಪವೂ ಬೇಡ, ಅದರೊಂದಿಗೆ ರೋಗ ಬರಬಹುದು. ಹೂವಿನ ಕಾಲ ಶುರುವಾದ ಕೂಡಲೇ ಪಾಕ ನಿಲ್ಲಿಸದಿದ್ದರೆ ಜೇನುಕೋಣೆಯಲ್ಲಿ ತುಂಬುವುದು ಸಕ್ಕರೆಯೇ. ಊರ ತುಪ್ಪ ಅಂತ ನಂಬಿ ಕೊಳ್ಳುವ ಗಿರಾಕಿಗೂ, ಮಾರುವ ಅಂಗಡಿಯವರಿಗೂ ಅದು ಮೋಸವೇ.

ಒಂದು ಪೆಟ್ಟಿಗೆ ನೋಡಲು 10 ನಿಮಿಷ ಸಾಕು. ನೋಡಿದ ದಿನಾಂಕ, ಮೊಟ್ಟೆ ಕಂಡಿತೋ ಇಲ್ಲವೋ, ಎಷ್ಟು ಎರಿಯಲ್ಲಿ ನೊಣ ಇದೆ ಎಂಬುದನ್ನು ಮುಚ್ಚಳದ ಒಳಗೆ ಪೆನ್ಸಿಲ್‌ನಲ್ಲಿ ಬರೆದಿಡಿ. 15 ದಿನ ಬಿಟ್ಟು ಮತ್ತೆ ತೆರೆದಾಗ ಕುಟುಂಬ ಏರುತ್ತಿದೆಯೋ ಇಳಿಯುತ್ತಿದೆಯೋ ಅಲ್ಲೇ ಗೊತ್ತಾಗುತ್ತದೆ.